ಗುಳ್ಳಕ್ಕಿಂತ ಹಗುರವಾದ ಒಲೆ

ನಮ್ಮ ಚಿಕ್ಕಪ್ಪ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಮನೆಯವರ ಮುಖವನ್ನಲ್ಲ, ಅಡುಗೆಮನೆಯ ಡಬ್ಬಿಗಳನ್ನು. ಅಲೆವೂರಿನ ಅತ್ತೆಗೆ ಮೊಮ್ಮಗ ಹುಟ್ಟಿದಾಗ ಮಗು ಯಾರನ್ನು ಹೋಲುತ್ತದೆ ಎಂದು ಎಲ್ಲರೂ ಚರ್ಚಿಸುತ್ತಿದ್ದರೆ ಇವರು ಕೇಳಿದ್ದು ಒಂದೇ: "ಹಾಲಿನ ಪುಡಿ ಕೊಡ್ತೀರಾ? ಡಬ್ಬಿ ಬಿಸಾಡ್ಬೇಡಿ." ಆಮೇಲೆ ಹಾಲಿನ ಪುಡಿ ಪ್ಯಾಕೆಟ್ಟಿನಲ್ಲಿ ಬರತೊಡಗಿದಾಗ ಹತ್ತಿರದ ನೆಂಟರು ತೀರಿಕೊಂಡಷ್ಟು ದುಃಖಪಟ್ಟರು.

ಡಬ್ಬಿಯಿಂದ ಮಾಡುತ್ತಿದ್ದದ್ದೇನು? ಒಲೆ! ದೊಡ್ಡ ಡಬ್ಬಿಯೊಳಗೆ ಸಣ್ಣದನ್ನು ಕೂರಿಸಿ, ಕೆಳಗೊಂದಿಷ್ಟು ಮೇಲೊಂದಿಷ್ಟು ತೂತು ಕೊರೆದು, ಮುರಿದ ಕೊಡೆಯ ಕಡ್ಡಿಗಳನ್ನು ಬಗ್ಗಿಸಿ ಪಾತ್ರೆ ಇಡಲು ಕಾಲು ಮಾಡುತ್ತಿದ್ದರು. ಅಂಗಳದಲ್ಲಿ ಬಿದ್ದ ಪುಳ್ಳೆಗಳನ್ನು ತುಂಬಿ ಕಡ್ಡಿ ಗೀರಿದರೆ ಅನ್ನ ಬೇಯುತ್ತಿತ್ತು. ಮಣಿಪಾಲದ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದವರಿಗೆ ಡ್ರಿಲ್ಲು, ಕತ್ತರಿಗಳಿಗೇನು ಬರ? ಇಲ್ಲದ್ದು ತಕ್ಕಡಿ ಒಂದೇ. ಒಲೆ ಎಷ್ಟು ಹಗುರವಾದರೂ ಅವರಿಗೆ ಸಮಾಧಾನವಿಲ್ಲ. ಕಡಿಯಾಳಿಯ ತರಕಾರಿ ಅಂಗಡಿಗೆ ಹೋಗಿ ಒಂದು ತಟ್ಟೆಯಲ್ಲಿ ಒಲೆ, ಇನ್ನೊಂದರಲ್ಲಿ ಮಟ್ಟುಗುಳ್ಳ ಬದನೆ ಇಡುತ್ತಿದ್ದರು.

"ಭಟ್ರೇ, ಗುಳ್ಳ ತಗೊಳ್ಳುದುಂಟಾ?"

"ಒಲೆ ಒಂದು ಗುಳ್ಳಕ್ಕಿಂತ ಹಗುರ ಆಗ್ಲಿ ಮಾರಾಯ, ಮತ್ತೆ ತಗೊಳ್ತೇನೆ."

ಪಾಪ, ಅಂಗಡಿಯವನು ಆ ವ್ಯಾಪಾರಕ್ಕೆ ಒಂದಿಡೀ ಮಳೆಗಾಲ ಕಾಯಬೇಕಾಯಿತು. ತೂಕ ಇಳಿಸುವ ಹುಚ್ಚಿನಲ್ಲಿ ಸೌಟಿನ ಹಿಡಿಯನ್ನೂ ಕತ್ತರಿಸಿ ಬೆರಳು ಸುಟ್ಟುಕೊಂಡದ್ದು ಬೇರೆ.

ಒಮ್ಮೆ ಕಾಪುವಿನ ಕಡಲ ಬದಿಯಲ್ಲಿ ಚಹಾ ಮಾಡುತ್ತೇನೆಂದು ಒಲೆ ಹೊರತೆಗೆದರು. ಗಾಳಿ ಅದನ್ನು ಮರಳ ಮೇಲೆ ಉರುಳಿಸಿಕೊಂಡು ಹೋಯಿತು. ಪಂಚೆ ಎತ್ತಿ ಕಟ್ಟಿ ಹಿಂದೆಯೇ ಓಡಿದ ಚಿಕ್ಕಪ್ಪನನ್ನು ನೋಡಿ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇನ್ನೊಂಚೂರು ಹಗುರ ಮಾಡ್ರಿ. ಮುಂದಿನ ಸಲ ನೀವೂ ಹಾರಿ ಹೋಗ್ತೀರಿ."

ಚಿಕ್ಕಮ್ಮ ಬಾಗಲಕೋಟೆ ಕಡೆಯವರು. ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬದ ಮಗಳು. ಕೆಲಸದ ಜಾಗದಲ್ಲೇ ಮೂರು ಇಟ್ಟಿಗೆ ಇಟ್ಟು ರೊಟ್ಟಿ ಬೇಯಿಸುತ್ತಿದ್ದವರನ್ನು ಕಂಡು, ಮೆಚ್ಚಿ, ಚಿಕ್ಕಪ್ಪ ಮದುವೆಯಾದರು. ದೇವಸ್ಥಾನದಲ್ಲಿ ಪೂಜೆ ಮಾಡುವ ಮನೆ ನಮ್ಮದು. ಮದುವೆಗೆ ಇಲ್ಲಿಂದ ಯಾರೂ ಹೋಗಲಿಲ್ಲ. ಆಡಿಕೊಳ್ಳಲು ಮಾತ್ರ ಯಾರೂ ಬಾಕಿಯಾಗಲಿಲ್ಲ.

ಆ ವರ್ಷ ಮನೆಯ ಪೂಜೆಗೆ ಇಬ್ಬರೂ ಬಂದಿದ್ದರು. ಊಟದ ಪಂಕ್ತಿ ಕೂರುವಾಗ ನನ್ನ ಅಪ್ಪ ತಮ್ಮನಿಗೆ ಹೇಳಿದರು: "ನೀನು ಇಲ್ಲಿ ಕೂತ್ಕೋ. ಅವಳಿಗೆ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ರ ಎಲೆ ಹಾಕ್ತಾರೆ." ಚಿಕ್ಕಪ್ಪ ಎಲೆಯ ಮುಂದಿನಿಂದ ಎದ್ದರು.

ಮುಂದಿನ ಪೂಜೆಗೆ ಒಲೆ ಬಂತು. ಅಂಗಳದ ಮೂಲೆಯಲ್ಲಿ ಇಬ್ಬರೂ ಅನ್ನ, ಸಾರು ಮಾಡಿ, ಎರಡು ಎಲೆ ಹಾಕಿ ಅಕ್ಕಪಕ್ಕ ಕೂತು ಉಂಡರು. "ಇದೆಂತ ನಾಟಕ?" ಎಂದು ಅಪ್ಪ ಕೇಳಿದರೆ ಚಿಕ್ಕಪ್ಪ, "ಕರೆದಿದ್ದೀರಿ, ಬಂದಿದ್ದೇವೆ. ಬಡಿಸುವ ಕಷ್ಟ ನಿಮಗೆ ಬೇಡ ಅಂತ" ಎಂದರು. ಆಮೇಲೆ ಮುಂಜಿಯಿರಲಿ, ನಾಮಕರಣವಿರಲಿ, ಹೀಗೆಯೇ. ಕಲ್ಲು ಹೊತ್ತು ಭುಜ ಕೆಟ್ಟಿದ್ದರೂ ಚೀಲ ತಾನೇ ಹಿಡಿಯುತ್ತೇನೆಂದು ಚಿಕ್ಕಮ್ಮನ ಹಟ. ಒಲೆ ಗುಳ್ಳಕ್ಕಿಂತ ಹಗುರವಾಗಬೇಕಿದ್ದದ್ದು ಅದಕ್ಕೇ.

ನಮ್ಮವರು ಇದಕ್ಕೆ ಇಟ್ಟ ಹೆಸರು ಹುಚ್ಚು. ಎಷ್ಟು ಅನುಕೂಲದ ಮಾತು ನೋಡಿ! ಹುಚ್ಚ ಎಂದುಬಿಟ್ಟರೆ ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಹೋಳಿಗೆ ಮೆಲ್ಲುತ್ತಾ ಕಿಟಕಿಯಿಂದ ನೋಡಿ ನಗಬಹುದು. ನಮ್ಮ ಮನೆಯಲ್ಲಿ ಜೀರ್ಣಶಕ್ತಿಗೆ ಯಾವತ್ತೂ ಕೊರತೆ ಇರಲಿಲ್ಲ.

ಚಿಕ್ಕಮ್ಮ ಜ್ವರ ಬಂದು ತೀರಿಕೊಂಡರು. ಅದಾಗಿ ವರ್ಷ ತುಂಬಿದ ಮೇಲೆ ಕಾರ್ಕಳದಲ್ಲಿ ನನ್ನ ತಂಗಿಯ ಮದುವೆ. ಚಿಕ್ಕಪ್ಪ ಒಬ್ಬರೇ ಬಂದರು. ಹೆಗಲಲ್ಲಿ ಅದೇ ಚೀಲ. ಸಭಾಂಗಣದ ಹಿಂದೆ ಒಲೆ ಹಚ್ಚಿ ಕೂತರು. ಅಪ್ಪ ಹೋಗಿ, ತುಂಬ ಉದಾರವಾಗಿ ಹೇಳಿದರು: "ಇನ್ನು ಎಂತ ತೊಂದರೆ ಉಂಟು ನಿಂಗೆ? ಒಳಗೆ ಬಾ, ಪಂಕ್ತಿಯಲ್ಲಿ ಕೂತ್ಕೋ."

ಇನ್ನು ಎಂತ ತೊಂದರೆ! ತೊಂದರೆ ಸತ್ತುಹೋಗಿದೆಯಲ್ಲ! ನನಗೆ ಅಪ್ಪನ ಮೇಲೆ ಅಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಚಿಕ್ಕಪ್ಪ ತಲೆ ಎತ್ತದೆ ಒಲೆ ಊದುತ್ತಿದ್ದರು. ಅಪ್ಪ ಕಾದು ಕಾದು ಒಳಗೆ ಹೋದರು. ಅನ್ನ ಇಳಿಸಿದ ಮೇಲೆ ಚಿಕ್ಕಪ್ಪ ಅಭ್ಯಾಸದಂತೆ ಎರಡು ಎಲೆ ಹಾಕಿದರು. ನಾನು ನೋಡುತ್ತಿರುವುದು ತಿಳಿದು ಸ್ವಲ್ಪ ನಾಚಿದರು.

"ಪಾತ್ರೆ ಅವಳು ತಂದದ್ದು, ಇಬ್ಬರ ಅಳತೆಯದ್ದು. ಒಬ್ಬನಿಗೆ ಇಟ್ಟರೆ ತಳ ಹಿಡೀತದೆ ಮಗಾ."

ನಾನು ರೇಷ್ಮೆ ಸೀರೆ ಎತ್ತಿಕೊಂಡು ಎರಡನೆಯ ಎಲೆಯ ಮುಂದೆ ನೆಲದಲ್ಲೇ ಕೂತೆ. ಒಳಗಿನ ಪಂಕ್ತಿಯಿಂದ ಅಪ್ಪ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಚಿಕ್ಕಪ್ಪ ಒಮ್ಮೆ ಆ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಹಿಡಿಯಿಲ್ಲದ ಆ ಸೌಟಿನಿಂದ, ಬೆರಳು ಸುಟ್ಟುಕೊಳ್ಳುತ್ತಲೇ, ಮೊದಲು ನನ್ನ ಎಲೆಗೆ ಬಡಿಸಿದರು.