ಮೊಸಾಕು ರಕ್ಕಸನಾಗಿ ಅತ್ತೆಮನೆಗೆ ದಂಡೆತ್ತಿದ್ದು

ಆಲಿಸಿರಿ ಸಜ್ಜನರಿರಾ, ಅಂಗಳದ ಹಿಮವು ಸೂರಿನ ಎತ್ತರಕ್ಕೆ ಬೆಳೆದು, ಮನುಷ್ಯರು ಮಹಡಿಯ ಕಿಟಕಿಯಿಂದ ಬೀದಿಗಿಳಿಯುತ್ತಿದ್ದ ಆ ಶ್ವೇತಯುಗದ ಕಥೆಯನ್ನು! ಜಪಾನಿನ ಬಡಗಣ ಬೆಟ್ಟಗಳ ನಡುವಣ ಯುಕಿಸಾವಾ ಎಂಬ ಹಳ್ಳಿಯಲ್ಲಿ, ಸಲಿಕೆಧಾರಿಯೂ, ಶೀತಕಂಪಿತಗಾತ್ರನೂ, ಹನ್ನೊಂದು ವರ್ಷ ಅತ್ತೆಯೆದುರು ‘ಹೂಂ’ ಎಂಬ ಏಕಾಕ್ಷರಮಂತ್ರವನ್ನೇ ಜಪಿಸಿದವನೂ ಆದ ಮೊಸಾಕು ಎಂಬ ಮನೆಯಳಿಯನಿದ್ದನು.

ಅವನೆದೆಯಲ್ಲೊಂದು ಆರದ ಗಾಯ. ಮನೆಯ ನಡುವೆ, ಒಡಲಲ್ಲಿ ಕೆಂಡವಿಟ್ಟುಕೊಂಡು ಸುತ್ತಲೂ ಕೌದಿ ಇಳಿಬಿಟ್ಟ ಗಿಡ್ಡ ಮೇಜೊಂದಿತ್ತು. ಅದರಡಿ ಕಾಲು ಚಾಚಿ ಕೂರುವುದೇ ಅಲ್ಲಿಯವರ ಚಳಿಗಾಲದ ಸ್ವರ್ಗ. ಗೋಡೆಗೊರಗುವ ಪೂರ್ವದಿಕ್ಕು ಅತ್ತೆ ಫುಕಿಯದು, ದಕ್ಷಿಣ ಹೆಂಡತಿ ಕಾಯೊಳದು, ಪಶ್ಚಿಮ ಬೆಕ್ಕಿನದು. ಬಾಗಿಲಸಂದಿಯ ಹಿಮಮಾರುತಕ್ಕೆ ಬೆನ್ನೊಡ್ಡುವ ಉತ್ತರವೆಂಬ ನರಕ ಮಾತ್ರ ನಮ್ಮ ವೀರನ ಪಾಲು.

ಆ ಊರಿನಲ್ಲಿ ವರ್ಷದ ಕೊನೆಯ ಸಂಜೆ ಗಂಡಸರು ಹುಲ್ಲುಡುಗೆ ಉಟ್ಟು, ಕೋರೆಹಲ್ಲಿನ ಮುಖವಾಡ ತೊಟ್ಟು, ಮನೆಮನೆಗೆ ನುಗ್ಗಿ ಸೋಮಾರಿಗಳನ್ನು ಗದರಿಸುವುದು ಪದ್ಧತಿ. ಆ ಸಂಜೆಯ ಮಟ್ಟಿಗೆ ರಕ್ಕಸನೇ ದೇವರು, ಎದುರಾಡುವಂತಿಲ್ಲ. ಈ ಸಲದ ಮುಖವಾಡ ಕೊನೆಗೂ ಮೊಸಾಕುವಿಗೆ ಒಲಿಯಿತು.

“ಇಂದು ನನ್ನ ಗರ್ಜನೆಗೆ ಗಿರಿಶಿಖರಗಳ ಹಿಮ ಕುಸಿಯಲಿ!” ಎಂದವನು ಜೊತೆಯ ರಕ್ಕಸನಾದ ಅಂಚೆಯ ಸೋಹೆಯ್‌ಗೆ ಸಾರಿದನು. “ಆ ಮಾರ್ಜಾಲಾಧಮನನ್ನು ಪಶ್ಚಿಮದಿಂದ ಉಚ್ಚಾಟಿಸದೆ ಮರಳಿದರೆ ನಾನು ಮೊಸಾಕುವೇ ಅಲ್ಲ!”

“ಮೊದ್ಲು ಹೊಸ್ತಿಲು ದಾಟು ಮಾರಾಯ,” ಎಂದನು ಸೋಹೆಯ್.

ದಾಟಿದನು. ಜಾರುಬಾಗಿಲನ್ನು ಧಡಾರನೆ ಎಳೆದು, ಮರದ ಕತ್ತಿ ಝಳಪಿಸಿ, ಹನ್ನೊಂದು ವರ್ಷದ ಮೌನವನ್ನೆಲ್ಲ ಒಟ್ಟುಗೂಡಿಸಿ ಪ್ರಳಯಮೇಘದಂತೆ ಅಬ್ಬರಿಸಿದನು: “ಸೋಮಾರಿಗಳು ಯಾರಿದ್ದೀರಿ ಇಲ್ಲಿ? ಅಳಿಯನನ್ನು ಚಳಿಗೆ ಕೂರಿಸಿ ಬೆಕ್ಕನ್ನು ಬೆಚ್ಚಗಿಡುವ ಮನೆ ಇದೇನೋ?”

ಕಾಯೊ ತುಟಿ ಕಚ್ಚಿಕೊಂಡಳು. ಬೆಕ್ಕು ಒಂದು ಕಣ್ಣು ತೆರೆದು ಮುಚ್ಚಿತು. ಎಂಬತ್ತರ ಫುಕಿ ಮಾತ್ರ ಚಾಪೆಗೆ ಹಣೆ ತಾಗಿಸಿ ವಂದಿಸಿದಳು.

“ಒಳ್ಳೇ ಹೊತ್ತಿಗೆ ಬಂದ್ರಿ ಸ್ವಾಮಿ. ಸೋಮಾರಿ ಒಬ್ಬ ಇದಾನೆ, ನಮ್ಮಳಿಯ. ಈಗ ಎಲ್ಲೋ ಹೋಗಿದಾನೆ. ಚಾವಣಿ ಮೇಲೆ ನಾಕು ದಿನದ ಹಿಮ ಕೂತಿದೆ, ತೊಲೆ ಕಿರ್ ಅಂತಿದೆ. ನಾನು ಹೇಳಿದ್ರೆ ಹೂಂ ಅಂತಾನೆ, ಏಳಲ್ಲ. ನೀವೇ ಒಂದು ಮಾತು ಹೇಳಿ.”

ರಕ್ಕಸನು ಕತ್ತಿ ಕೆಳಗಿಳಿಸಿದನು. ಸೋಮಾರಿಯ ಪರ ವಾದಿಸಿದ ರಕ್ಕಸನನ್ನು ಯಾವ ಯುಗ ಕಂಡಿದೆ?

“ಅವನಿಗೆ... ಕೆಮ್ಮಂತೆ,” ಎಂದನು.

“ಹೌದು ಸ್ವಾಮಿ, ಒಂದು ವಾರದಿಂದ,” ಎಂದ ಫುಕಿ, ಹಿಂದೆಯೇ ಒಳಬಂದಿದ್ದ ಸೋಹೆಯ್‌ನ ಬಟ್ಟಲಿಗೆ ಅಕ್ಕಿಮದ್ಯ ಬಗ್ಗಿಸಿ, ಇವನ ಕೈಗೆ ಬಿಸಿ ಶುಂಠಿ ಕಷಾಯ ಇಟ್ಟಳು. “ನಿಮಗೆ ಇದೇ ಸರಿ. ಪೂರ್ತಿ ಕುಡೀರಿ.”

ಕೋರೆಹಲ್ಲುಗಳ ನಡುವಿನಿಂದ ಗುಟುಕು ಗುಟುಕಾಗಿ ಕುಡಿದು, ಬೆಳಗಾಗುತ್ತಲೇ ಅಳಿಯನನ್ನು ಚಾವಣಿ ಹತ್ತಿಸುವುದಾಗಿ ಆ ತ್ರಿಲೋಕಭಯಂಕರನು ಮಾತು ಕೊಟ್ಟನು.

ವೇಷ ಕಳಚಿ ಬಂದ ಮೊಸಾಕು ಉತ್ತರದಿಕ್ಕಿನಲ್ಲೇ ಕುಳಿತನು. ಗಾಳಿ ಎಂದಿಗಿಂತ ಜೋರಾಗಿತ್ತು.

“ದೇವರು ಬಂದಿದ್ರು, ನಿನ್ನ ವಿಷ್ಯ ಮಾತಾಡಿದ್ರು,” ಎಂದಳು ಫುಕಿ. “ಆಮೇಲೆ ಆ ಬಾಗ್ಲು ನೋಡಪ್ಪ. ಎಳೆದ ರಭಸಕ್ಕೆ ಜಾಡು ತಪ್ಪಿದೆ. ಬೆಕ್ಕಿಗೆ ಚಳಿ ಆಗ್ತಿದೆ.”

ಮೊಸಾಕು ಎದ್ದು ಸುತ್ತಿಗೆ ಹುಡುಕಿದನು.