ನೆನೆಯಿಟ್ಟ ದೋಣಿಯ ಪತ್ತೆ ಪ್ರಕರಣ

ಸಾವಿರದ ಒಂಬೈನೂರ ಎಂಬತ್ತಮೂರನೆಯ ಇಸವಿ ಸೆಪ್ಟೆಂಬರ್ ಇಪ್ಪತ್ತೊಂದನೆಯ ತಾರೀಖು, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಠಾಣೆ ಶಹರದ ಹತ್ತಿರ, ಮುಂಬ್ರಾದ ಉಸುಕು ಇಳಿಸುವ ರೇತಿ ಬಂದರಿನ ಬಳಿ, ಸಮುದ್ರದ ನೀರು ಒಳನುಗ್ಗುವ ಖಾಡಿಯಲ್ಲಿ ಮುಳುಗಿದ ನೌಕೆಯೊಂದು ಪತ್ತೆಯಾಯಿತು. ಅದು ಕಳೆದುಹೋಗಿರಲಿಲ್ಲ ಎಂಬುದು ಬೇರೆ ಮಾತು. ಅದರ ಧಣಿ ಮಾಪಣ್ಣ ಆ ಹೊತ್ತಿಗೆ ಐವತ್ತು ಮಾರು ಆಚೆ ಕೂತು ಚಾ ಕುಡಿಯುತ್ತಿದ್ದ.

ಯಾದಗಿರಿ ಕಡೆಯ ಮಾಪಣ್ಣ ಹನ್ನೊಂದು ವರ್ಷದಿಂದ ಈ ಖಾಡಿಯ ಡುಬಿ. ಬಕೆಟ್ಟು ಹಿಡಿದು ತಳಕ್ಕೆ ಮುಳುಗಿ, ಉಸಿರು ಕಟ್ಟಿ ಉಸುಕು ತುಂಬಿ, ಮೇಲೆ ಬಂದು ದೋಣಿಗೆ ಸುರಿಯುವವರಿಗೆ ಇಲ್ಲಿ ಡುಬಿ ಅನ್ನುತ್ತಾರೆ. ದಿನಕ್ಕೆ ನೂರು ಸಲ ಮುಳುಗಬೇಕು, ನೂರು ಸಲ ಏಳಬೇಕು. ವಾಶಿಯಲ್ಲಿ ಎದ್ದ ಎಷ್ಟೋ ಬಿಲ್ಡಿಂಗಿನ ಗೋಡೆಗಳಲ್ಲಿ ಮಾಪಣ್ಣ ಕಟ್ಟಿದ ಉಸಿರು ಸೇರಿದೆ, ಫ್ಲಾಟು ಕೊಂಡವರಿಗೆ ಬಿಲ್ಡರು ಅದನ್ನು ಮಾತ್ರ ಪುಕ್ಕಟೆ ಕೊಟ್ಟಿದ್ದಾರೆ. ಅವನ ಬಲಗಿವಿಯ ತಮಟೆ ಎಂದೋ ಹರಿದು ಹೋಗಿತ್ತು. ಎಡಗಿವಿಯಲ್ಲಿ ಕೀವು. ಆಸ್ಪತ್ರೆಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಇನ್ನೊಮ್ಮೆ ಆಳಕ್ಕೆ ಇಳಿದರೆ ಈ ಕಿವಿಯೂ ಹೋಯಿತು ಅಂತ ತಿಳಿ, ಎಂದಿದ್ದರು.

ದೋಣಿಯ ಧಣಿ ಮುಳುಗಬೇಕಾಗಿಲ್ಲ. ಅವನು ದೋಣಿಯ ಮೇಲೆ ಕೂತು ಬೀಡಿ ಸೇದುತ್ತಾನೆ, ಬೇರೆಯವರು ಮುಳುಗುತ್ತಾರೆ. ಅದಕ್ಕೇ ಹೆಂಡತಿ ಮರಗಮ್ಮ ಕಾಲಿನ ಬೆಳ್ಳಿ ಕಡಗ ಬಿಚ್ಚಿ ಕೊಟ್ಟಳು, ಮಾಪಣ್ಣ ಕೋಳಿ ಜಾತಿಯ ಮೀನುಗಾರ ಮುದುಕನೊಬ್ಬನಿಂದ ಹಳೇ ದೋಣಿ ಕೊಂಡ. ಎರಡು ವರ್ಷ ದಂಡೆಯ ಮೇಲೆ ಬಿಸಿಲುಂಡ ಅದರ ಹಲಗೆಗಳ ನಡುವೆ ಬೆರಳು ತೂರುತ್ತಿತ್ತು. ಅವನ ಊರಲ್ಲಿ ಬೇಸಿಗೆಗೆ ಬಂಡಿಯ ಗಾಲಿ ಸಡಿಲಾದರೆ ಹಳ್ಳದ ನೀರಲ್ಲಿ ಹಾಕಿ ನೆನೆಸುತ್ತಾರೆ, ಕಟ್ಟಿಗೆ ಉಬ್ಬಿ ಗಟ್ಟಿಯಾಗುತ್ತದೆ. ಮಾಪಣ್ಣ ದೋಣಿಗೂ ಅದನ್ನೇ ಮಾಡಿದ. ಹೊಟ್ಟೆ ತುಂಬ ಕಲ್ಲು ಹೇರಿ ದಂಡೆಯ ಹತ್ತಿರ ನೀರಿಗೆ ಇಳಿಸಿಬಿಟ್ಟ.

"ಮುಳುಗೂದು ಬ್ಯಾಡ ಅಂತ ದ್ವಾಣಿ ತಗೊಂಡಿ. ಈಗ ದ್ವಾಣಿನ ಮುಳುಗಿಸ್ತಿ. ತಲಿ ಸುದ್ದ ಅದ ಏನ ನಿಂದು?" ಎಂದಳು ಮರಗಮ್ಮ.

"ಎಂಟು ದಿನ ನೀರ ಕುಡೀಲಿ ತಡಿ. ದಸರಾ ಆದ ಮರುದಿನ ಉಸುಕು ತೆಗಿಯೂದು ಚಾಲು ಆಗ್ತದ. ಅಷ್ಟರಾಗ ಹೊಸದ ಆಗಿರ್ತದ ನೋಡು."

ಇತ್ತ ಠಾಣೆ ಶಹರದ ವರ್ತಕ ನಗರ ಬಡಾವಣೆಯ ಬಾಡಿಗೆ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿ ಖಾಡಿ ಮುಳುಗುನೌಕಾ ನಿಯಂತ್ರಣ ಕಚೇರಿ ಎಂಬುದೊಂದಿತ್ತು. ಏಳು ಜನ ಸಿಬ್ಬಂದಿ, ಹನ್ನೊಂದು ಕುರ್ಚಿ, ಒಂದು ದುರ್ಬೀನು. 'ಹೊಸದಾಗಿ ಪತ್ತೆಯಾದ ಮುಳುಗುನೌಕೆಗಳ ಎತ್ತುವಿಕೆ, ಎತ್ತದಿರುವಿಕೆ ಹಾಗೂ ತತ್ಸಂಬಂಧಿ ವಿಷಯಗಳ ನಿಯಮಗಳು' ಅಚ್ಚಾಗಿ ಕಟ್ಟುಗಟ್ಟಲೆ ಬಂದು ಬಿದ್ದಿದ್ದವು. ಇಲ್ಲದ್ದು ಒಂದೇ, ಮುಳುಗಿದ ನೌಕೆ. ಹದಿನೆಂಟು ತಿಂಗಳಿಂದ ಮಾಸಿಕ ವರದಿಯಲ್ಲಿ 'ಇಲ್ಲ' ಎಂದೇ ಬರೆದು ಬರೆದು ಕಳಿಸಿದ ಮೇಲೆ ಕೊನೆಗೆ ಮೇಲಿನಿಂದ ಪತ್ರ ಬಂತು. 'ಮುಳುಗುವಂಥದ್ದು ಏನೂ ಇಲ್ಲವೆಂದಾದಲ್ಲಿ ಸದರಿ ಕಚೇರಿಯನ್ನೇ ಏಕೆ ಮುಚ್ಚಬಾರದು ಎಂಬ ಬಗ್ಗೆ ಹದಿನೈದು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.'

ಈ ಪತ್ರವನ್ನು ಜೇಬಲ್ಲಿಟ್ಟುಕೊಂಡು ಕಚೇರಿಯ ದೊಡ್ಡ ಸಾಹೇಬರು ಡೊಂಬಿವಲಿಯ ಸ್ಲೋ ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದು ಬರುತ್ತಿದ್ದರು. ಮುಂಬ್ರಾ ದಾಟಿತು. ಖಾಡಿಯಲ್ಲಿ ಇಳಿತದ ಹೊತ್ತು. ನೀರಿನಿಂದ ಗೇಣುದ್ದ ದೋಣಿಯ ಮೂತಿ ಕಾಣಿಸಿತು. ಸಾಹೇಬರು ಒಂದು ಕೈಯನ್ನು ಎದೆಯ ಮೇಲಿಟ್ಟು ತಲೆಬಾಗಿದರು. ಮುಂಬ್ರಾದೇವಿಯ ಗುಡ್ಡಕ್ಕೆ ನಮಸ್ಕಾರ ಇರಬೇಕೆಂದು ಪಕ್ಕದವರೂ ತಲೆಬಾಗಿದರು. ಗುಡ್ಡ ಆಚೆ ಕಡೆ ಇತ್ತು.

ಮಾರನೆಯ ದಿನ ಮಾಪಣ್ಣ ಬಂದು ನೋಡುತ್ತಾನೆ, ದಂಡೆಯಲ್ಲಿ ಬೊಂಬು ನೆಟ್ಟು ಬೋರ್ಡು ತೂಗುಹಾಕಿದೆ. ಕೆಳಗೆ ಸ್ಟೂಲಿನ ಮೇಲೆ ಕಚೇರಿಯ ಸಿಪಾಯಿ ಸೈದಪ್ಪ. ವಿಜಾಪುರದ ಕಡೆಯವನಾದ ಸೈದಪ್ಪ ಬೋರ್ಡಿನ ಮರಾಠಿಯನ್ನು ಕನ್ನಡದಲ್ಲಿ ಓದಿ ಹೇಳಿದ:

'ಪ್ರಕಟಣೆ. ಇಲ್ಲಿ ಹೊಸದಾಗಿ ಪತ್ತೆಯಾದ ಮುಳುಗುನೌಕೆ ಇರುತ್ತದೆ. ಇದನ್ನು ಎತ್ತುವುದು, ಎತ್ತಲು ಯತ್ನಿಸುವುದು, ಎತ್ತುವ ಉದ್ದೇಶದಿಂದ ನೋಡುವುದು ಶಿಕ್ಷಾರ್ಹ ಅಪರಾಧ. ಯಾವ ಉದ್ದೇಶವೂ ಇಲ್ಲದೆ ನೋಡಬಯಸುವವರು ನಮೂನೆ ನಾಲ್ಕರಲ್ಲಿ ಅರ್ಜಿ ಸಲ್ಲಿಸುವುದು.'

"ನನ್ನ ದ್ವಾಣಿ ಅದೋ ಅದು!" ಎಂದ ಮಾಪಣ್ಣ.

"ಇರಬೋದಪಾ. ನಾ ಎಲ್ಲಿ ಅಲ್ಲ ಅಂದೆ? ಖರೆ ನೀ ಹಂಗ ನೋಡಬ್ಯಾಡ. ನೀ ನೋಡೂ ಧಾಟಿ ಉದ್ದೇಶ ಇದ್ದಂಗ ಅದ," ಎಂದ ಸೈದಪ್ಪ.

ಮಾಪಣ್ಣ ವರ್ತಕ ನಗರಕ್ಕೆ ಹೋದ. ಅಲ್ಲಿನ ಗುಮಾಸ್ತ ಮಧ್ವರಾಜ ಉಡುಪಿಯವನು. ಒಳ್ಳೆಯ ಮನುಷ್ಯ. ಬಂದವನನ್ನು ಕೂರಿಸಿ, ಕೆಳಗಿನ ಹೋಟೆಲಿನಿಂದ ಚಾ ತರಿಸಿ ಕೊಟ್ಟು, ಬಲಗಿವಿ ಕೇಳದೆಂದು ತಿಳಿದ ಮೇಲೆ ಎಡಕ್ಕೆ ಬಂದು ಕೂತು ಮಾತಾಡಿದ. ಆ ಕಚೇರಿಯಲ್ಲಿ ಕೆಟ್ಟವರೆಂಬುವರು ಒಬ್ಬರೂ ಇರಲಿಲ್ಲ. ಇದ್ದವರೆಲ್ಲ ನಿಯಮದ ಪ್ರಕಾರ ನಡೆಯುವವರೇ.

"ನೌಕೆ ಯಾಕೆ ಮುಳುಗಿತು?" ಎಂದು ಅರ್ಜಿಯ ಮೊದಲ ಸಾಲು ಓದಿದ ಮಧ್ವರಾಜ.

"ನಾನ ಮುಳುಗಿಸೀನ್ರಿ."

ಮಧ್ವರಾಜ ಪೆನ್ನು ಕೆಳಗಿಟ್ಟ. "ಹಾಗೆಲ್ಲ ಬಾಯಿಬಿಟ್ಟು ಹೇಳ್ಬೇಡ ಮಾರಾಯ! ಮುಳುಗಿಸುವುದಕ್ಕೆ ಮೂವತ್ತು ದಿನ ಮೊದಲೇ ಪರ್ಮಿಟ್ ತಗೊಳ್ಬೇಕು. ಇಲ್ಲಿ ಐದು ಕಾರಣ ಉಂಟು. ಬಿರುಗಾಳಿ, ಡಿಕ್ಕಿ, ಬೆಂಕಿ, ಶತ್ರುಗಳ ದಾಳಿ, ದೈವಕೃತ್ಯ. ಯಾವುದು ಬೇಕು ಹೇಳು."

"ನೆನಿ ಇಟ್ಟೀನ್ರಿ ಸಾಹೇಬ್ರ. ಗಾಲಿ ನೆನಿ ಇಟ್ಟಂಗ."

"ನೆನೆಯಿಡುವುದು ಇದರಲ್ಲಿ ಇಲ್ಲ."

"ಶತ್ರುಗಳದು ಹಾಕಿದ್ರ ಹ್ಯಾಂಗ್ರಿ?"

"ಅದಕ್ಕೆ ದಿಲ್ಲಿಯಿಂದ ಜನ ಬರ್ಬೇಕಾಗ್ತದೆ. ದೈವಕೃತ್ಯ ಹಾಕುವ. ದೇವರನ್ನು ಕರೆದು ಕೇಳುವವರು ಯಾರೂ ಇಲ್ಲ."

ಹೀಗೆ ದೇವರು ಮುಳುಗಿಸಿದ ದೋಣಿಯನ್ನು ಮೇಲೆತ್ತಲು ಮಾಪಣ್ಣನ ಹೆಬ್ಬೆಟ್ಟಿನ ಅರ್ಜಿ ದಾಖಲಾಯಿತು. ಎತ್ತುವ ಪರವಾನಗಿಗೆ ಮೊದಲು ಹಕ್ಕಿನ ವಿಚಾರಣೆ ಆಗಬೇಕು. ವಿಚಾರಣೆಗೆ ಮೊದಲು ತಳತಪಾಸಣೆಯ ವರದಿ ಬೇಕು. ತಪಾಸಣೆಗೆ ಮುಳುಗುಗಾರ ಬೇಕು. ಸರಕಾರದ ಬಿಲ್ಲು ಎರಡು ವರ್ಷಕ್ಕೆ ಪಾಸಾಗುತ್ತದೆಂದು ಕೇಳಿದ ಡುಬಿಗಳೆಲ್ಲ ಕೈ ಮುಗಿದು ಹೊರಟುಹೋದರು. ದಸರೆ ಹತ್ತಿರ ಬಂತು. ಮಾಪಣ್ಣ ದಿನಾ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದ.

"ನೀನೇ ಮುಳುಗಿಬಿಡು ಮಾರಾಯ, ಫೈಲು ಮುಂದೆ ಹೋಗ್ತದೆ," ಎಂದ ಮಧ್ವರಾಜ ಒಂದು ದಿನ. "ಒಂದೇ ಒಂದು ಸಣ್ಣ ಕಾಗದ. ಮುಳುಗುಗಾರನಿಗೂ ನೌಕೆಗೂ ಯಾವ ಸಂಬಂಧವೂ ಇಲ್ಲ ಅಂತ ಬರೆದುಕೊಡ್ಬೇಕು."

"ನಂದೇ ದ್ವಾಣಿ ಅದ ಅಲ್ರಿ?"

"ಅದು ವಿಚಾರಣೆಯ ದಿನ ಹೇಳುವುದು. ಇದು ಮುಳುಗುವ ದಿನದ ಕಾಗದ. ಎರಡೂ ಬೇರೆ ಬೇರೆ ಫೈಲು."

ಮನೆಯಲ್ಲಿ ಮರಗಮ್ಮ ಕುದ್ದುಹೋದಳು. "ನಿನ್ನ ದ್ವಾಣಿ ನೋಡಾಕ ನೀನ ಮುಳುಗಬೇಕ? ಅವರ ಬಾಯಾಗ ಮಣ್ಣ ಹಾಕ! ಡಾಕ್ಟರ ಏನ ಹೇಳ್ಯಾನ ಮರತಿ? ಆ ಕಿವಿನೂ ಹೋದ್ರ ನಾ ಯಾರ ಕೂಡ ಮಾತಾಡ್ಲೋ? ಗ್ವಾಡಿ ಕೂಡ ಮಾತಾಡ್ಲಿ ಏನ?"

"ಒಂದ ಸಲ ಅಲ್ಲನ? ಆಮ್ಯಾಲ ಜಲ್ಮದಾಗ ಮುಳುಗೂದಿಲ್ಲ. ನಿನ್ನಾಣಿ."

ಆ ಕಾಗದಕ್ಕೂ ಹೆಬ್ಬೆಟ್ಟು ಒತ್ತಿ, ಒಂದು ಸಲ ಎಂದು ಹೊರಟವನಿಗೆ ನಿಯಮ ಒಂಬತ್ತನ್ನು ಯಾರೂ ಹೇಳಿರಲಿಲ್ಲ. ತಪಾಸಣೆ ಪೂರ್ತಿ ಉಬ್ಬರದ ಹೊತ್ತಿನಲ್ಲೇ ನಡೆಯಬೇಕು, ಏಕೆಂದರೆ ಆಳ ಕಡಿಮೆ ಬಂದರೆ ಇದು ಮುಳುಗಿದ್ದಲ್ಲ, ಒದ್ದೆಯಾದದ್ದು ಎಂದು ಮೇಲಿನವರು ಆಕ್ಷೇಪ ತೆಗೆಯುತ್ತಾರೆ. ಅಲ್ಲದೆ ನೌಕೆಗೆ ಜೊತೆಗಾರ ನೌಕೆಗಳು ಇದ್ದಾವೋ ಎಂದು ನಡುಖಾಡಿಯ ತಳದವರೆಗೆ ಹುಡುಕಬೇಕು. ಮಾಪಣ್ಣ ಹದಿನೇಳು ಸಲ ಮುಳುಗಿದ. ದಂಡೆಯಲ್ಲಿ ದೊಡ್ಡ ಸಾಹೇಬರು ಕೊಡೆ ಹಿಡಿಸಿಕೊಂಡು ನಿಂತು ಪ್ರತಿ ಸಲಕ್ಕೂ "ಶಾಬ್ಬಾಸ್" ಎಂದರು. ಹನ್ನೆರಡನೆಯದರ ತನಕ ಅದು ಅವನಿಗೆ ಕೇಳಿಸಿತು. ಹದಿಮೂರನೆಯ ಸಲ ತಳದಲ್ಲಿ ಕಿವಿಯೊಳಗೆ ಏನೋ ಟಪ್ಪೆಂದಿತು. ಮೇಲೆ ಬಂದಾಗ ಸಾಹೇಬರ ಬಾಯಿ ಮಾತ್ರ ಆಡುತ್ತಿತ್ತು. ಚೂರು ರಕ್ತ ಬಂತು, ಮಾಪಣ್ಣ ಟವಲಿನಿಂದ ಒರೆಸಿಕೊಂಡು ಇನ್ನೂ ನಾಲ್ಕು ಸಲ ಮುಳುಗಿ ಲೆಕ್ಕ ಮುಗಿಸಿದ.

ವಿಚಾರಣೆ ಮುಂದಿನ ಸೋಮವಾರ. ಮರಗಮ್ಮ ಕೈ ಹಿಡಿದು ಕರೆತಂದಳು. ಒಳಗೆ ಹಕ್ಕುದಾರನೊಬ್ಬನಿಗೇ ಪ್ರವೇಶವೆಂದು ಅವಳನ್ನು ಮೆಟ್ಟಿಲ ಬಳಿ ಕೂರಿಸಿದರು. ಮಾಪಣ್ಣ ತೊಳೆದ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಸಾಹೇಬರ ಮೇಜಿನಿಂದ ಐದು ಅಡಿ ದೂರದ ಬೆಂಚಿನಲ್ಲಿ ಕೂತ.

ನಿಯಮದ ಪ್ರಕಾರ ಹಕ್ಕುದಾರರನ್ನು ಮೂರು ಸಲ ಕೂಗತಕ್ಕದ್ದು, ಹಕ್ಕುದಾರರು 'ಹಾಜರ್' ಎನ್ನತಕ್ಕದ್ದು. ಸೈದಪ್ಪ ಕೂಗಿದ, "ಮುಳುಗುನೌಕೆಗೆ ಹಕ್ಕುದಾರರು ಯಾರಾದರೂ ಇದ್ದಾರೆಯೇ?" ಮಾಪಣ್ಣ ತಿರುಗುವ ಫ್ಯಾನು ನೋಡುತ್ತಿದ್ದ. ಸೈದಪ್ಪ ಮತ್ತೆ ಕೂಗಿದ. ಮಾಪಣ್ಣ ಅಂಗಿಯ ಗುಂಡಿ ಸರಿಮಾಡಿಕೊಂಡ. ಮೂರನೆಯ ಸಲ ಸೈದಪ್ಪ, ಪಾಪ, ತನ್ನ ಊರಿನ ಹೊಲದಿಂದ ಹೊಲಕ್ಕೆ ಕೂಗುವ ಹಾಗೆ ಕೂಗಿದ. ಎದುರಿನ ಕಟ್ಟಡದ ಹೆಂಗಸರೆಲ್ಲ ಕಿಟಕಿಗೆ ಬಂದರು. ಮಾಪಣ್ಣ ಅವರನ್ನು ನೋಡಿ ವಿನಯದಿಂದ ನಕ್ಕ.

ಮಧ್ವರಾಜ ಅವನ ಹೆಗಲು ಮುಟ್ಟಲು ಅರ್ಧ ಎದ್ದ.

"ಗುಮಾಸ್ತರು ಹಕ್ಕುದಾರರಿಗೆ ಸನ್ನೆ ಮಾಡುವುದು ಪಕ್ಷಪಾತವಾಗುತ್ತದೆ," ಎಂದರು ದೊಡ್ಡ ಸಾಹೇಬರು, ನೋವಿನಿಂದಲೇ.

ಮಧ್ವರಾಜ ಕೂತ. 'ಮೂರು ಬಾರಿ ಕೂಗಲಾಗಿ ಹಕ್ಕುದಾರರು ಯಾರೂ ಹಾಜರಿರುವುದಿಲ್ಲ' ಎಂದು ಬರೆದ. ಅಕ್ಷರ ಎಂದಿನಂತೆ ದುಂಡಗೇ ಬಂದವು.

ಒಂದು ತಾಸು ಕಳೆದ ಮೇಲೆ ಮಾಪಣ್ಣ, "ನನ್ನ ಪಾಳಿ ಯಾವಾಗ್ರಿ?" ಎಂದು ಕಿರುಚಿದ. ತಾನು ಕಿರುಚುತ್ತಿರುವುದು ಅವನಿಗೆ ಗೊತ್ತಿರಲಿಲ್ಲ. ಮಧ್ವರಾಜ ಎರಡೂ ಕೈ ಆಡಿಸಿ ಆಯಿತು, ಮುಗಿಯಿತು ಎಂದು ತೋರಿಸಿದ. ಮಾಪಣ್ಣನ ಮುಖ ಅರಳಿತು. ಎಲ್ಲರಿಗೂ ಒಬ್ಬೊಬ್ಬರಿಗೇ ಕೈ ಮುಗಿದು, ಮೆಟ್ಟಿಲಿಳಿದು ಮರಗಮ್ಮನಿಗೆ, "ಆತಂತ! ನಮ್ಮದು ಆತಂತ!" ಎಂದ. ಅವಳು ಅಲ್ಲೇ ಕೂತು ಅತ್ತಳು, ಸಂತೋಷಕ್ಕೆ.

ಹುಕುಮು ಹದಿನೈದು ದಿನಕ್ಕೆ ಬಂತು. ಹಕ್ಕುದಾರರಿಲ್ಲದ್ದರಿಂದ ನೌಕೆ ಸರಕಾರದ ಸ್ವತ್ತು. ಎತ್ತಿದಲ್ಲಿ ಅದು ಮುಳುಗುನೌಕೆಯಾಗಿ ಉಳಿಯುವುದಿಲ್ಲವಾದ್ದರಿಂದ, ಕಚೇರಿಯ ಮೂಲ ಉದ್ದೇಶಕ್ಕೇ ಧಕ್ಕೆಯಾಗುವ ಕಾರಣ, ಅದನ್ನು ಎತ್ತತಕ್ಕದ್ದಲ್ಲ. ಕಚೇರಿ ಕಾಯಂ. ಹೊಸದಾಗಿ ನಾಲ್ಕು ಹುದ್ದೆ.

ಮರಗಮ್ಮ ಕಚೇರಿಯ ಮುಂದೆ ಮೂರು ದಿನ ಬೈದಳು. ನಾಲ್ಕನೆಯ ದಿನ ಮಧ್ವರಾಜ ಕೆಳಗೆ ಬಂದು ಕೂತು, "ಅಮ್ಮ, ನಾಲ್ಕು ಹುದ್ದೆಯಲ್ಲಿ ಒಂದು ಮುಳುಗುಗಾರನದ್ದು. ತಿಂಗಳಿಗೊಮ್ಮೆ ಇಳಿದು, ನೌಕೆ ಅಲ್ಲೇ ಉಂಟು ಅಂತ ಹೆಬ್ಬೆಟ್ಟು ಒತ್ತಿದರಾಯ್ತು. ನೌಕೆಗೆ ಸಂಬಂಧ ಇಲ್ಲದವನೇ ಆಗ್ಬೇಕು. ಅದು ಬರೆದುಕೊಟ್ಟವರು ನಿಮ್ಮ ಯಜಮಾನರೊಬ್ಬರೇ," ಎಂದ. ಅಂದು ಅವಳು ಬೈಯಲಿಲ್ಲ. ಸರಕಾರದ ಡಾಕ್ಟರು ಮಾಪಣ್ಣನನ್ನು ಪರೀಕ್ಷಿಸಿ, ಎರಡೂ ಕಿವಿ ಪೂರ್ತಿ ಹೋಗಿರುವುದರಿಂದ ಇನ್ನು ಕೆಡುವಂಥದ್ದು ಏನೂ ಇಲ್ಲ, ಮುಳುಗಲು ಯೋಗ್ಯ, ಎಂದು ಪತ್ರ ಕೊಟ್ಟರು.

ಮರುವರ್ಷದ ದಸರೆಗೆ ಕಚೇರಿಯವರೆಲ್ಲ ಖಾಡಿಗೆ ಬಂದು ನೌಕೆಗೆ ಪೂಜೆ ಮಾಡಿದರು. ನೀರಿಂದೆದ್ದ ಮೂತಿಗೆ ಚೆಂಡುಹೂವಿನ ಮಾಲೆ, ಕುಂಕುಮ, ಒಡೆದ ತೆಂಗಿನಕಾಯಿ. ದೊಡ್ಡ ಸಾಹೇಬರು ಭಾಷಣ ಮಾಡಿದರು. ಉಳಿದವರು ಚಪ್ಪಾಳೆ ತಟ್ಟಿದಾಗ ಮಾಪಣ್ಣನೂ ಖಾಕಿ ಅಂಗಿಯಲ್ಲಿ ನಿಂತು ತಟ್ಟಿದ. ಮರಗಮ್ಮ ಪೇಢೆ ಹಂಚಿದಳು. ಆಮೇಲೆ ಜನ ಚದುರುವಾಗ ಮಾಪಣ್ಣ ಮೊಣಕಾಲುದ್ದ ನೀರಿಗಿಳಿದು ಮೂತಿಯ ಹತ್ತಿರ ಹೋದ. ಹಲಗೆಗೆ ಕಟ್ಟಿದ ಪಾಚಿಯನ್ನು ಉಗುರಿನಿಂದ ಕೆರೆದ, ಅಂಗೈಯಿಟ್ಟು ಒತ್ತಿ ಗಟ್ಟಿ ಇದೆಯೋ ನೋಡಿದ.

"ಏ, ಮುಟ್ಟಬ್ಯಾಡೋ! ಸರಕಾರದ್ದದ ಅದು!" ಎಂದು ಮರಗಮ್ಮ ದಂಡೆಯಿಂದ ಕೂಗಿದಳು. ಅವನು ತಿರುಗಲಿಲ್ಲ. ಅವಳು ಸೀರೆ ಎತ್ತಿಕಟ್ಟಿ ನೀರಿಗಿಳಿದು ಹೋಗಿ ಅವನ ಕೈ ಹಿಡಿದು ಹಲಗೆಯಿಂದ ಬಿಡಿಸಿದಳು. ಮಾಪಣ್ಣ ದಂಡೆಯ ಕಡೆ ನೋಡಿದ, ಸಾಹೇಬರು ಕಂಡರು. ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು ಅವಳ ಹಿಂದೆ ಬಂದ.