ಸಮುದ್ರಕ್ಕೆ ಅರ್ಧ ತಾಸು

ಬೀಗ ಹಾಕಿಕೊಂಡು ಸುಮ್ಮನೆ ಹೋಗಿಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಗುರುವಾರ ಮುಂಜಾನೆ ಶಿದ್ದಪ್ಪನವರು ಚಹಾದ ಬಟ್ಟಲು ಕೆಳಗಿಟ್ಟು ಮಗನಿಗೆ ಒಂದು ಮಾತು ಅಂದರು.

"ಓಣ್ಯಾಗ ಹೇಳಿ ಬಾರೋ ಕಲ್ಲೇಶ. ನಾಕ ದಿನ ಮನಿ ಮುಚ್ಚತೈತಿ. ಹೇಳದ ಹೋಗಾಕ ನಾವೇನು ಕಳ್ಳರೇನು?"

ಕಲ್ಲೇಶ ಹುಬ್ಬಳ್ಳಿಯ ಒಂದು ಪಂಪ್‌ಸೆಟ್ ಅಂಗಡಿಯ ಕೌಂಟರಿನ ಹಿಂದೆ ಹದಿನೇಳು ವರ್ಷ ನಿಂತವನು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ನಾಲ್ಕು ದಿನದ ರಜೆ ಸಿಕ್ಕಿತ್ತು. ಶುಕ್ರವಾರ ಮುಂಜಾನೆ ಆರಕ್ಕೆ ನವನಗರದ ಮನೆಯಿಂದ ಹೊರಟರೆ ಮಧ್ಯಾಹ್ನಕ್ಕೆ ಹೊನ್ನಾವರದ ಆಚೆಯ ಕಡಲು. ಇಷ್ಟನ್ನು ಗೊತ್ತುಮಾಡುವುದಕ್ಕೆ ಅವನಿಗೆ ಒಂದು ತಿಂಗಳು ಹಿಡಿದಿತ್ತು.

ಕೇಳಿದಾಗಲೆಲ್ಲ ಮನೆಯವರೆಲ್ಲ ಒಂದೇ ಮಾತು ಹೇಳಿದ್ದರು: "ನಂದೇನೈತಿ, ನಿಮಗ ಹೆಂಗ ಬರತೈತಿ ಹಂಗ ಮಾಡ್ರಿ." ಹಾಗೆಂದು ಒಂದು ಗಳಿಗೆ ಬಿಟ್ಟು ಒಬ್ಬೊಬ್ಬರದೂ ಒಂದೊಂದು ಬೇಡಿಕೆ ಬಂತು. ಅಪ್ಪನಿಗೆ ಮೆಟ್ಟಿಲು ಕೂಡದು, ಪಾಯಖಾನೆ ಕುರ್ಚಿಯಂಥದಿರಬೇಕು. ಅವ್ವ ಶೇವಂತೆವ್ವನಿಗೆ ಮೀನಿನ ವಾಸನೆ ಬರಬಾರದು, ಸಮುದ್ರದ ದಂಡೆಯಲ್ಲಿ. ಹೆಂಡತಿ ಸುಮಲತಾಳಿಗೆ ನಾಲ್ಕು ದಿನ ಒಲೆಯ ಮುಖ ಕಾಣಬಾರದು. ಹದಿಮೂರರ ಮಗಳು ದುರ್ಗಾಳಿಗೆ ನೆಟ್‌ವರ್ಕು ಬೇಕು. ಆರು ವರ್ಷದ ಪುಟ್ಯಾನಿಗೆ ಮಾತ್ರ ಉಸುಕು ಸಾಕು, ಆದರೆ ಅದನ್ನು ಮನೆಗೆ ತರುವುದಕ್ಕೆ ಎರಡು ಚೀಲ ಬೇಕು. ಇದೆಲ್ಲ ಇರುವ ಎರಡು ಕೋಣೆಯ ಒಂದು ಮನೆ ಕೊನೆಗೂ ಸಿಕ್ಕಾಗ ಕಲ್ಲೇಶ ಕನ್ಯೆ ಕೂಡಿಬಂದ ವರನಂತೆ ನಕ್ಕಿದ್ದ.

ಅವನಿಗೆ ಬೇಕಾದದ್ದು ಒಂದೇ. ಎಪ್ಪತ್ತಾರು ವರ್ಷದ ಅಪ್ಪ ಸಮುದ್ರ ನೋಡಿದವರಲ್ಲ. ಅಮ್ಮಿನಬಾವಿಯಲ್ಲಿ ಹೊಲ ಮಾಡಿಕೊಂಡಿದ್ದಾಗ ಬಿಡುವಿರಲಿಲ್ಲ, ನವನಗರಕ್ಕೆ ಬಂದಮೇಲೆ ಮೊಣಕಾಲಿರಲಿಲ್ಲ. "ಆಚಿ ದಂಡಿ ಕಾಣಂಗಿಲ್ಲಂತ ಹೇಳ್ತಾರ. ನೋಡೂತನಾ ನಾ ನಂಬಂಗಿಲ್ಲ," ಎನ್ನುತ್ತಿದ್ದರು. ಅವರು ನೋಡುವ ಆ ಗಳಿಗೆಯಲ್ಲಿ ಪಕ್ಕದಲ್ಲಿ ನಿಂತು ಅವರ ಮುಖ ನೋಡಬೇಕು. ಉಳಿದದ್ದು ಹೇಗಾದರೂ ಆಗಲಿ ಎಂದು ಕಲ್ಲೇಶ ಮನಸ್ಸಿನಲ್ಲೇ ಅಂದುಕೊಂಡಿದ್ದ.

ಚಪ್ಪಲಿ ಮೆಟ್ಟಿಕೊಂಡು ಮೊದಲು ಎದುರು ಮನೆಗೆ ಹೋದ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಮಲ್ಲಿಕಸಾಬರು ಕಟ್ಟೆಯ ಮೇಲೆ ಕೂತಿದ್ದರು.

"ಕಾಕಾ, ನಾಳೆ ಸಮುದ್ರಕ್ಕ ಹೊಂಟೇವ್ರಿ. ನೀವೂ ಬರ್ರಿ."

ಈ ಸೀಮೆಯಲ್ಲಿ ಇದು ಕರೆಯಲ್ಲ. ಉಣ್ಣುತ್ತ ಕೂತವನು ದಾರಿಯಲ್ಲಿ ಹೋಗುವವನಿಗೆ "ಬರ್ರಿ, ಊಟ ಮಾಡೂಣು" ಎನ್ನುತ್ತಾನೆ. ಹೋಗುವವನು "ಆಗೇತ್ರಿ, ನಿಮ್ದಾಗ್ಲಿ" ಎಂದು ಹಸಿದ ಹೊಟ್ಟೆಯಲ್ಲೇ ಮುಂದೆ ಹೋಗುತ್ತಾನೆ. ಮರ್ಯಾದೆ ಉಳಿಯುತ್ತದೆ, ರೊಟ್ಟಿಯೂ ಉಳಿಯುತ್ತದೆ. ಒಂದೇ ಎಚ್ಚರ: ಹಾಗೆ ಒಮ್ಮೆ ಮಾತ್ರ ಅನ್ನಬೇಕು. ಎರಡನೆಯ ಸಲ ಅಂದರೆ ಅದು ಖರೇ ಕರೆ.

ಮಲ್ಲಿಕಸಾಬರು ರೀತಿ ಬಲ್ಲವರು. "ನಾವೆಲ್ಲಿ ಬರೂದಪಾ, ನೀವು ಹೋಗಿ ಬರ್ರಿ," ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುದುಕರು ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದು ನೋಡಿಕೊಂಡರು. "ಸ್ಟೇರಿಂಗ್ ಮುಟ್ಟದ ಮೂರು ವರ್ಷಾತು ನೋಡು. ಈ ಕೈ ಈಗ ಬರೇ ಕೊತ್ತಂಬರಿ ಹಸನ ಮಾಡಾಕ ಐತಿ."

ಕಲ್ಲೇಶ ಆ ಕೈಗಳನ್ನು ನೋಡಿದ. "ಹಂಗ್ಯಾಕಂತೀರಿ ಕಾಕಾ? ಬರ್ರಲ್ಲ," ಎಂದುಬಿಟ್ಟ.

ಮಲ್ಲಿಕಸಾಬರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಹುಸೇನಬಿ! ನನ್ನ ಖಾಕಿ ಅಂಗಿ ಎಲ್ಲಿಟ್ಟೀ?"

ಮುಂದಿನ ಮನೆ ದೇವಕ್ಕನವರದು. ಮೂವತ್ತು ವರ್ಷ ಸಾಲಿ ಕಲಿಸಿದ ಅವರನ್ನು ಓಣಿಯೆಲ್ಲ 'ಅಕ್ಕೋರು' ಎನ್ನುತ್ತಿತ್ತು. ಕಲ್ಲೇಶ ಈ ಸಲ ಹಲ್ಲು ಕಚ್ಚಿ, ಸರಿಯಾಗಿ ಒಮ್ಮೆಯೇ, ಅದೂ ಮೆಲ್ಲಗೆ, "ನೀವೂ ಬರ್ರಿ ಅಕ್ಕೋರ" ಎಂದ. ಅವರೂ ನೇಮದ ಪ್ರಕಾರ "ನಮ್ಮದೇನೈತಿ ಬಿಡು" ಎಂದರು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

"ಹಂಗಂದ್ರ ಹೆಂಗ್ರಿ ಅಕ್ಕೋರ, ಬರ್ರಿ! ಗಾಡಿ ನಾನs ಹೊಡಿಯಾಂವ!"

ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮಲ್ಲಿಕಸಾಬರು ನಿಂತಿದ್ದರು. ಎರಡನೆಯ ಕರೆ ಯಾರ ಬಾಯಿಂದ ಬಂದರೇನು? ಲೆಕ್ಕಕ್ಕೆ ಸೇರಿತು.

ಕಲ್ಲೇಶ ಮೂರನೆಯ ಮನೆಗೆ ಹೋಗದೆ ಅಂಗಡಿಗೆ ಓಡಿದ.

ಹನ್ನೊಂದು ಗಂಟೆಗೆ ಮಲ್ಲಿಕಸಾಬರ ಫೋನು. "ಕಲ್ಲೇಶ, ನೀ ಹೇಳಿದ್ದ ಏಳು ಸೀಟಿನ ಗಾಡಿ ಬ್ಯಾಡ ಅಂತ ಹೇಳಿಬಿಟ್ಟೆ. ನಮ್ಮ ದೋಸ್ತಂದು ಹನ್ನೆರಡು ಸೀಟಿನ ಟೆಂಪೊ ಐತಿ. ಕಾಲು ಚಾಚಿ ಹೋಗೂಣು. ದಾರ್ಯಾಗ ಎಲ್ಲಾ ಬಸ್‌ಸ್ಟ್ಯಾಂಡಿಗೂ ಐದೈದು ಮಿನಿಟು ನಿಲ್ಲಸ್ತೇನಿ."

"ಎಲ್ಲಾ ಬಸ್‌ಸ್ಟ್ಯಾಂಡು ಯಾಕ್ರಿ ಕಾಕಾ?"

"ನಿಲ್ಲಸದ ನನಗ ಗಾಡಿ ಹೊಡ್ಯಾಕ ಬರಂಗಿಲ್ಲಪಾ."

ಹನ್ನೆರಡಕ್ಕೆ ಮೊಬೈಲಿಗೆ ಅಕ್ಕೋರ 'ಪ್ರವಾಸ ಕಾರ್ಯಕ್ರಮ' ಬಂತು. ದುಂಡನೆಯ ಕೈಬರಹ, ಅಡಿಗೆರೆ ಸಹಿತ. ಮೊದಲ ದಿನ ಬನವಾಸಿ, ಶಿರಸಿ. ಎರಡನೆಯ ದಿನ ಸಹಸ್ರಲಿಂಗ, ಯಾಣದ ಬಂಡೆ. ಮಕ್ಕಳು ಟಿಪ್ಪಣಿ ಬರೆಯತಕ್ಕದ್ದು. ಮೂರನೆಯ ದಿನ ಒಂದು ಜಲಪಾತ, ಮಲ್ಲಿಕಸಾಬರಿಗೆ ಬೇಕಾದ ಒಂದು ದರ್ಗಾ, ಶೇವಂತೆವ್ವನವರಿಗೆ ಇಷ್ಟವಾಗಬಹುದಾದ ಎರಡು ಗುಡಿ. ಆಮೇಲೆ ಸಣ್ಣ ಅಕ್ಷರದಲ್ಲಿ: 'ಸಂಜೆ ಐದೂವರೆಯಿಂದ ಆರು: ಸಮುದ್ರ. ಯಾರೂ ನೀರಿಗಿಳಿಯತಕ್ಕದ್ದಲ್ಲ.'

ಸಮುದ್ರಕ್ಕೆ ಅರ್ಧ ತಾಸು! ಕಲ್ಲೇಶ ಅದನ್ನು ಮೂರು ಸಲ ಓದಿದ. ಬಾವಿಯೊಳಗಿನ ಪೈಪಿಗೆ ಫುಟ್‌ವಾಲ್ವ್ ಕೇಳಿದ ಗಿರಾಕಿಗೆ ಗೋಡೆಯ ಕ್ಯಾಲೆಂಡರು ತೆಗೆದು ಕೊಟ್ಟ. ಗಿರಾಕಿ ಅದನ್ನು ತಿರುಗಿಸಿ ನೋಡಿ, "ಇದನ್ನ ಬಾವ್ಯಾಗ ಬಿಡಬೇಕೇನ್ರಿ?" ಎಂದ.

ಅಷ್ಟರಲ್ಲಿ ಸುಮಲತಾ ಫೋನ್ ಮಾಡಿದಳು. "ರೀ, ಯಾಣದಾಗ ಎಷ್ಟು ಮೆಟ್ಟಲ ಅದಾವಂತ? ಮಾವಾರು ಮಣಕಾಲಿಗೆ ಈಗs ಎಣ್ಣಿ ಹಚ್ಚಿಕೊಳ್ಳಾಕತ್ತಾರ. ಅಕ್ಕೋರು ಪುಟ್ಯಾನ ಕೈಯಾಗ ಒಂದು ನೋಟ್‌ಬುಕ್ ಕೊಟ್ಟಾರ, ಅಂವ ಮಂಚದ ಕೆಳಗ ಹೊಕ್ಕಾನ. ನಾವು ಎಲ್ಲಿಗೆ ಹೊಂಟೇವಿ ಅಂತ ನಿಮಗರೆ ಗೊತ್ತೈತೇನು?"

"ಗೊತ್ತಿತ್ತು," ಎಂದ ಕಲ್ಲೇಶ.

ಮೂರು ಗಂಟೆಗೆ ಅವನು ತನ್ನ ಜೀವಮಾನದ ಮೊದಲ ದೊಡ್ಡ ಸುಳ್ಳು ಹೇಳಿದ. ಗೋದಾಮಿನೊಳಗೆ, ಮೋಟಾರುಗಳ ನಡುವೆ ನಿಂತು, ಮಲ್ಲಿಕಸಾಬರಿಗೆ ಫೋನ್ ಹಚ್ಚಿದ. "ಕಾಕಾ, ಘಾತ ಆತ್ರಿ. ನಮ್ಮ ಮಾಲಕ್ರು ರಜಾ ರದ್ದು ಮಾಡಿಬಿಟ್ಟಾರ. ಈಗ ಟ್ರಿಪ್ಪು ಇಲ್ರಿ. ಅಕ್ಕೋರಿಗೂ ನೀವs ಹೇಳಿಬಿಡ್ರಿ."

ಮಾಲೀಕ ಶಶಿಕಾಂತ ಗೋಡೆಯ ಆಚೆ ಕೂತು, ಏನೊಂದೂ ರದ್ದು ಮಾಡದೆ ಬಾಳೆಹಣ್ಣು ತಿನ್ನುತ್ತಿದ್ದ.

ಕಲ್ಲೇಶನ ಲೆಕ್ಕ ಸರಳವಾಗಿತ್ತು. ಓಣಿ ಮಲಗಿರುವಾಗಲೇ ಏಳು ಸೀಟಿನ ಗಾಡಿ ತಿರುವಿನಲ್ಲಿ ಬಂದು ನಿಲ್ಲುತ್ತದೆ. ಆರು ಜನ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಹತ್ತುವುದು. ಗಾಡಿಯವನಿಗೆ ಮತ್ತೆ ಫೋನ್ ಮಾಡಿ ಒಪ್ಪಿಸಿದ. ಘಾಟಿನಲ್ಲಿ ಅವ್ವನಿಗೆ ವಾಂತಿ ಬರಬಾರದೆಂದು ಆರು ನಿಂಬೆಹಣ್ಣು ಕೊಂಡ. ಉಣಕಲ್ ಕೆರೆಯ ಪಕ್ಕದಲ್ಲಿ ಬಸ್ಸು ಹಾಯುವಾಗ ನೀರು ನೋಡಿ ಅವನಿಗೆ ನಗು ಬಂತು.

ಮನೆಯ ಬಾಗಿಲಲ್ಲಿ ಎಂಟು ಜೊತೆ ಚಪ್ಪಲಿ ಇದ್ದವು. ಒಳಗೆ ಹೋದರೆ ಸೂತಕದ ಮನೆ. ಶೇವಂತೆವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹುಸೇನಬಿ ಅವರ ಬೆನ್ನು ಸವರುತ್ತಿದ್ದರು.

"ಬಾ ಮಗನ, ಕೂಡು," ಎಂದರು ಮಲ್ಲಿಕಸಾಬರು. "ನೌಕರಿ ಅಂದ್ರ ಹಿಂಗs. ನನಗೂ ಮದುವಿ ದಿನ ಡ್ಯೂಟಿ ಹಾಕಿದ್ರು. ನೀ ಏನೂ ಚಿಂತಿ ಮಾಡಬ್ಯಾಡ, ನಾವೆಲ್ಲಾ ಕೂಡಿ ತೀರ್ಮಾನ ಮಾಡೇವಿ."

"ಏನಂತ್ರಿ?"

"ನಿನ್ನ ರಜಾ ಅಷ್ಟs ರದ್ದಾಗೇತಿ," ಎಂದರು ದೇವಕ್ಕನವರು, ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆಯುವವರಂತೆ. "ಇವರ್ದು ರದ್ದಾಗಿಲ್ಲಲ್ಲ? ನಿಮ್ಮ ಮಂದೀನ ನಾವು ಕರಕೊಂಡು ಹೊಕ್ಕೇವಿ. ನೀ ಬ್ಯಾಡ ಅನ್ನೂ ಹಂಗಿಲ್ಲ."

ಕಲ್ಲೇಶ ಅಪ್ಪನ ಕಡೆ ನೋಡಿದ. ಶಿದ್ದಪ್ಪನವರ ಮುಖ ಚಿಕ್ಕದಾಗಿತ್ತು. "ನೀ ಇಲ್ಲದ ನಾ ಒಲ್ಲೆ ಅಂದಿದ್ನೋ. ಇವರು ಕೇಳವಲ್ರು," ಎಂದರು. ಮೊಣಕಾಲು ಸವರಿಕೊಳ್ಳುತ್ತ, "ಮುಂದಿನ ವರ್ಷ ಅಂದ್ರ ನನ್ನ ಮಣಕಾಲು ಏನಂತಾವೋ," ಎಂದರು.

ಈಗ ಖರೇ ಹೇಳಿದರೆ ಕಾಕಾನ ಎದುರಿಗೆ ಅಪ್ಪನ ಮಾನ ಹೋಗುತ್ತದೆ. ಹೇಳದಿದ್ದರೆ ಸಮುದ್ರ ಹೋಗುತ್ತದೆ. ಕಲ್ಲೇಶ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಯಾರೋ ಅದರೊಳಗೆ ಒಂದು ಬಿಸ್ಕೀಟು ಇಟ್ಟರು.

"ಆ ಶಶಿಕಾಂತ ನನ್ನ ಕೈಯಾಗ ನಾಲ್ಕನೆತ್ತಾ ಕಲ್ತಾಂವ," ಎಂದರು ದೇವಕ್ಕನವರು ಏಳುತ್ತ. "ಕರುಣಾ ಅನ್ನೂದು ಆಗೂ ಇರಲಿಲ್ಲ ಅವಂಗ. ಫೋನ್ ಮಾಡಿ ಕೇಳ್ತೇನಿ."

"ಬ್ಯಾಡ್ರಿ ಅಕ್ಕೋರs!" ಕಲ್ಲೇಶ ಕೂಗಿದ್ದಕ್ಕೆ ಪುಟ್ಯಾ ಮಂಚದ ಕೆಳಗಿನಿಂದ ಹೊರಗೆ ಬಂದ. "ನನ್ನ ಆಣಿ ಐತಿ, ಬ್ಯಾಡ್ರಿ. ಅವರ ಬಿಪಿ ಜಾಸ್ತಿ ಐತಿ."

"ಎಂಥಾ ನಿಷ್ಠಾ ನೋಡ್ರಿ ಹುಡುಗಂದು," ಎಂದು ಎಲ್ಲರೂ ಎದ್ದು ಹೋದರು.

ಅಡುಗೆಮನೆಯಲ್ಲಿ ಕಲ್ಲೇಶ ಹೆಂಡತಿಗೆ ಎಲ್ಲ ಹೇಳಿದ. ಸುಮಲತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಇಷ್ಟು ಬುದ್ಧಿ ಒಬ್ರs ಖರ್ಚು ಮಾಡಿದ್ರೇನು?" ಎಂದಳು. "ಈಗ ಸುಮ್ಮ ಮಲಕೋರಿ. ಮುಂಜಾನೆ ಚೀಲ ಹಿಡಕೊಂಡು ಬಂದು, ಮಾಲಕ್ರ ಮನಸು ಕರಗೇತಿ, ಹೋಗು ಅಂದ್ರು ಅಂತ ಹೇಳಿ ಟೆಂಪೊ ಹತ್ತಿಬಿಡ್ರಿ. ಹನ್ನೆರಡು ಸೀಟು ಅದಾವ. ಅರ್ಧ ತಾಸಾದರ ಅರ್ಧ ತಾಸು."

ಅರ್ಧ ತಾಸಾದರೂ ಸರಿ. ಅಪ್ಪನ ಮುಖ ನೋಡಲು ಅಷ್ಟು ಸಾಕು. ಕಲ್ಲೇಶ ಗಾಡಿಯವನಿಗೆ ಎರಡನೆಯ ಸಲ ಬೇಡವೆಂದು ಹೇಳಿ ಬೈಸಿಕೊಂಡು, ನೆಮ್ಮದಿಯಿಂದ ಮಲಗಿದ.

ಮುಂಜಾನೆ ಆರಕ್ಕೆ ಟೆಂಪೊ ಗೇಟಿನೆದುರು ನಿಂತಿತ್ತು. ಖಾಕಿ ಅಂಗಿಯ ಮಲ್ಲಿಕಸಾಬರು ಸ್ಟೇರಿಂಗನ್ನು ಮೊಮ್ಮಗುವಿನ ತಲೆಯಂತೆ ಸವರುತ್ತಿದ್ದರು. ದೇವಕ್ಕನವರ ಕೊರಳಲ್ಲಿ ಸೀಟಿ. ಬುತ್ತಿ, ಚೀಲ, ಮಕ್ಕಳು ಎಲ್ಲ ಏರಿದಮೇಲೆ ಕಲ್ಲೇಶ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೈಯಲ್ಲಿ ಬ್ಯಾಗಿನೊಂದಿಗೆ, ಕುಣಿಯುತ್ತ ಬಂದ.

"ಅಪ್ಪಾ! ಕಾಕಾ! ನಾನೂ ಬರಾಕತ್ತೇನಿ! ನಮ್ಮ ಮಾಲಕ್ರು ಈಗ ಫೋನ್ ಮಾಡಿದ್ರು. ರಜಾ ಕೊಟ್ಟೇನಿ, ಹೋಗಿ ಬಾ ಅಂತ ಅವರs ತಮ್ಮ ಬಾಯಿಂದ ಅಂದ್ರು!"

"ಹೌದೇನು?" ಎಂದಿತು ಕಿಟಕಿಯ ಪಕ್ಕದ ಸೀಟಿನಿಂದ ಒಂದು ಪರಿಚಿತ ದನಿ. "ಯಾವಾಗ ಅಂದೆಪಾ ನಾ?"

ಬಿಸಿಲು ಟೊಪ್ಪಿಗೆ ಹಾಕಿಕೊಂಡ ಶಶಿಕಾಂತ ನಿಧಾನವಾಗಿ ಕೆಳಗಿಳಿದು ಕಲ್ಲೇಶನ ಹೆಗಲ ಮೇಲೆ ಕೈಹಾಕಿ ಗೇಟಿನ ಆಚೆ ಕರೆದೊಯ್ದ. ದನಿ ತಗ್ಗಿಸಿದ.

"ನಿನ್ನೆ ರಾತ್ರಿ ಅಕ್ಕೋರು ಫೋನ್ ಮಾಡಿ, ಕಲ್ಲೇಶನ ರಜಾ ಯಾಕ ರದ್ದು ಮಾಡ್ದಿ ಅಂತ ಒಂದು ತಾಸು ಬೈದ್ರು. ಮಾಡಿಲ್ರಿ ಅನ್ನೂ ಧೈರ್ಯ ನನಗ ಆಗಲಿಲ್ಲ. ನಾಲ್ಕನೆತ್ತಾದಾಗೂ ಅವರ ಮುಂದ ಮಾತಾಡಿದಾಂವ ಅಲ್ಲ ನಾ. ಬೈದು ಬೈದು ದಣಿದು, ಕಡೀಕ ಅವರಿಗೇ ಪಾಪ ಅನಿಸಿ, 'ನೀನೂ ದಣದೀ, ಬಾ, ಸೀಟು ಖಾಲಿ ಅದಾವ' ಅಂದ್ರು. ನಾನೂ ನೋಡು, ಹತ್ತು ವರ್ಷಾತು, ಎಲ್ಲೂ ಹೋಗಿಲ್ಲ."

"ಮತ್ತ... ನನ್ನ ರಜಾ ಏನ್ರಿ?"

"ಆಗ ರದ್ದು ಮಾಡಿರಲಿಲ್ಲ." ಶಶಿಕಾಂತ ಕಿಸೆಯಿಂದ ಅಂಗಡಿಯ ಕೀಲಿಗೊಂಚಲು ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದ. "ಈಗ ಮಾಡೇನಿ. ಅಂಗಡಿ ಯಾರರೆ ತೆರೀಬೇಕಲ್ಲ?"

ಸೀಟಿ ಕೂಗಿತು. ಟೆಂಪೊ ಹೊರಟಿತು. ಶಿದ್ದಪ್ಪನವರು ಕಿಟಕಿಯಿಂದ ಕೈ ಬೀಸುತ್ತಲೇ ಇದ್ದರು.

ಆಮೇಲಿನದೆಲ್ಲ ಸುಮಲತಾಳ ಮೆಸೇಜುಗಳಿಂದ ತಿಳಿಯಿತು. ಶಶಿಕಾಂತ ಒಂದೇ ಮಾತಿಗೆ ಕಾರ್ಯಕ್ರಮ ತಿರುಗಿಸಿದ್ದ: "ಮೊದಲು ಸಮುದ್ರ ಅಕ್ಕೋರ, ಗುಡಿ ಬರೂಮುಂದ ನೋಡೂಣು." ಶಿಷ್ಯ ಮೊದಲ ಸಲ ಬಾಯಿ ಬಿಟ್ಟನೆಂದು ಅಕ್ಕೋರು ಆನಂದದಿಂದ ಒಪ್ಪಿದ್ದರು. ಅವ್ವನಿಗೆ ಘಾಟಿನುದ್ದಕ್ಕೂ ದೇವಕ್ಕನವರ ಜೊತೆ ಮಾತು, ವಾಂತಿ ನೆನಪಾಗಲಿಲ್ಲ. ದುರ್ಗಾಗೆ ನೆಟ್‌ವರ್ಕು ಸಿಕ್ಕಿತು. ಅಪ್ಪನಿಗೆ ಮಲ್ಲಿಕಸಾಬರು ಎಲ್ಲ ಬಸ್‌ಸ್ಟ್ಯಾಂಡಿನಲ್ಲೂ ಕಾಲು ಚಾಚಿಸಿದ್ದರಿಂದ ಮೊಣಕಾಲು ಹಿಡಿಯಲಿಲ್ಲ. ಒಂದು ತಿಂಗಳು ಕೂತು ಕಲ್ಲೇಶನಿಂದ ಆಗದ್ದು, ಅವನೊಬ್ಬನನ್ನು ಬಿಟ್ಟದ್ದರಿಂದ, ತಾನಾಗಿಯೇ ಎಲ್ಲರಿಗೂ ಹೊಂದಿಬಿಟ್ಟಿತ್ತು.

ಸಂಜೆ ಐದಕ್ಕೆ ಅಂಗಡಿಯಲ್ಲಿ ಫೋನು ಬಡಿಯಿತು. ಮಾಲೀಕನ ನಂಬರು, ಅಪ್ಪನ ದನಿ.

"ಕಲ್ಲೇಶಾ! ನೋಡಿದ್ನೋ!"

"ಹೆಂಗೈತಿ ಅಪ್ಪಾ?" ಕಲ್ಲೇಶ ಕೌಂಟರಿಗೆ ಒರಗಿ ಕಣ್ಣು ಮುಚ್ಚಿದ.

"ಇದು... ತಡಿ, ಏನಂತ ಹೇಳ್ಲಿ..." ಭೋರೆಂಬ ಸದ್ದು. ನಡುವೆ ಅಪ್ಪ ನಕ್ಕದ್ದು ಕೇಳಿತು, ಜೋರಾಗಿ, ಪುಟ್ಯಾ ನಗುವ ಹಾಗೆ. ಅಪ್ಪ ಹಾಗೆ ನಗುತ್ತಾರೆಂಬುದೇ ಅವನಿಗೆ ಗೊತ್ತಿರಲಿಲ್ಲ. ಕಲ್ಲೇಶ ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಹಲೋ, ಕಲ್ಲೇಶ?" ಎಂದ ಶಶಿಕಾಂತ. "ನಿಮ್ಮ ಅಪ್ಪಾರ ಮುಖ ನೀ ಈಗ ನೋಡಬೇಕಿತ್ತಪಾ! ಅದಿರಲಿ, ಆ ಎರಡೂವರಿ ಇಂಚಿನ ವಾಶರ್ ಎಷ್ಟು ಉಳದಾವು, ಲಗೂ ನೋಡಿ ಹೇಳು."